ಮನೆಯಲ್ಲಿ ರಚಿಸುವ ದರ್ಪಣ ದೂರದರ್ಶಕ: ಬೊಮ್ಮನಹಳ್ಳಿಯ ಆಕಾಶಕ್ಕೆ ತಕ್ಕ ರಚನೆಯೂ ಪರೀಕ್ಷೆಯೂ

೧

ದೂರದರ್ಶಕವು ದೊಡ್ಡದಾದಷ್ಟೂ ಒಳ್ಳೆಯದೆಂಬುದು ಸಾಮಾನ್ಯವಾದ ತಿಳಿವಳಿಕೆ. ಕತ್ತಲೆ ತುಂಬಿದ ಹಳ್ಳಿಗಾಡಿನಲ್ಲಿ ಈ ಮಾತು ಬಹುಮಟ್ಟಿಗೆ ದಿಟ; ದೀಪಗಳ ನಡುವೆ ಬೆಳೆದ ಊರಿನಲ್ಲಿ ಇದಕ್ಕೆ ತಿದ್ದುಪಡಿ ಅವಶ್ಯಕ. ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿ, ಹೊಸೂರು ರಸ್ತೆಯ ಮೇಲಿರುವ ಬೊಮ್ಮನಹಳ್ಳಿಯನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಈ ಊರು ೨೦೦೭ರಲ್ಲಿ ಮಹಾನಗರದ ಎಲ್ಲೆಯೊಳಗೆ ಸೇರಿತು. ಒಂದು ಕಡೆ ಕೋರಮಂಗಲ, ಮತ್ತೊಂದು ಕಡೆ ಎಲೆಕ್ಟ್ರಾನಿಕ್ ಸಿಟಿ. ನಡುವೆ ಕಾರ್ಖಾನೆಗಳು, ಸಿದ್ಧ ಉಡುಪು ಹೊಲಿಯುವ ಗಾರ್ಮೆಂಟ್ಸುಗಳು, ೨೦೧೦ರಲ್ಲಿ ತೆರೆದ ಮೇಲುರಸ್ತೆ, ಇರುಳೆಲ್ಲ ಆರದ ದೀಪಗಳು. ಇಲ್ಲಿ ಮಾಳಿಗೆಯ ಮೇಲೆ ನಿಂತವರಿಗೆ ಆಕಾಶಗಂಗೆ ಕಾಣದು. ಮಸುಕಾದ ನೀಹಾರಿಕೆಗಳಂತೂ ಬಾನಿನ ಹೊಳಪಿನಲ್ಲಿಯೇ ಕರಗಿಹೋಗುವುವು. ಕನ್ನಡಿಯನ್ನು ಎಷ್ಟು ದೊಡ್ಡದು ಮಾಡಿದರೂ ಈ ಕೊರತೆ ನೀಗುವುದಿಲ್ಲ. ಏಕೆಂದರೆ ದೊಡ್ಡ ಕನ್ನಡಿಯು ನೀಹಾರಿಕೆಯ ಬೆಳಕಿನೊಡನೆ ಊರದೀಪಗಳ ಬೆಳಕನ್ನೂ ಅಷ್ಟೇ ಹೆಚ್ಚಾಗಿ ಕೂಡಿಸಿಕೊಡುವುದು.

ಆದರೆ ಊರದೀಪವು ಮರೆಸಲಾರದ ವಸ್ತುಗಳೂ ಇವೆ. ಚಂದ್ರ, ಗುರು, ಶನಿ, ಕುಜ, ಜೋಡಿ ನಕ್ಷತ್ರಗಳು ತಮ್ಮ ಕಾಂತಿಯಿಂದಲೇ ಬಾನಿನ ಹೊಳಪನ್ನು ಮೀರಿ ನಿಲ್ಲತಕ್ಕವು. ಇವುಗಳಲ್ಲಿ ಕಾಣಬೇಕಾದದ್ದು ಸೂಕ್ಷ್ಮ ವಿವರ; ಆ ವಿವರವು ದೊರೆಯುವುದೂ ಕೆಡುವುದೂ ಕನ್ನಡಿಯ ಮೈ ಎಷ್ಟು ನಿಖರವಾಗಿದೆಯೆಂಬುದರ ಮೇಲೆ ನಿಂತಿದೆ. ಇಷ್ಟೇ ಅಲ್ಲದೆ, ಬೆಂಗಳೂರು ಉತ್ತರ ಅಕ್ಷಾಂಶ ೧೩ರ ಆಸುಪಾಸಿನಲ್ಲಿರುವುದರಿಂದ ಗ್ರಹಗಳು ಮಧ್ಯಾಕಾಶಕ್ಕೆ ಬಂದಾಗ ಸುಮಾರು ೫೦ ಅಂಶಕ್ಕಿಂತ ಕೆಳಗೆ ಇರುವುದೇ ಇಲ್ಲ. ಲಂಡನ್ನಿನಲ್ಲಿ ಅವು ಕೆಲವು ವರ್ಷಗಳಲ್ಲಿ ೧೫ ಅಂಶದಷ್ಟೇ ಏರಿ ಇಳಿಯುವುದುಂಟು. ಎತ್ತರದ ಗ್ರಹದ ಬೆಳಕು ತೆಳುವಾದ ಗಾಳಿಯ ಪದರವನ್ನು ದಾಟಿ ಬರುವುದರಿಂದ ಬಿಂಬದ ನಡುಕ ಕಡಿಮೆ. ಹೀಗೆ ದೀಪವು ಕಸಿದುಕೊಂಡ ಭಾಗ್ಯದಲ್ಲಿ ಒಂದು ಪಾಲನ್ನು ಅಕ್ಷಾಂಶವು ಹಿಂದಿರುಗಿಸಿದೆ. ಆದುದರಿಂದ ಇಂಥ ಊರಿನಲ್ಲಿ ಗಾತ್ರಕ್ಕಿಂತ ನಿಖರತೆಯೇ ಮೊದಲು. ಬೆಲೆಬಾಳುವ ಯಂತ್ರವಿಲ್ಲದೆ, ಒಬ್ಬನ ಎರಡು ಕೈಗಳಿಂದ ಆ ನಿಖರತೆಯನ್ನು ಸಾಧಿಸುವುದು ಹೇಗೆಂಬುದೇ ಇಲ್ಲಿಯ ವಿಚಾರ.

೨

ಕನ್ನಡಿಯಿಂದ ದೂರದರ್ಶಕ ಮಾಡಬಹುದೆಂದು ೧೬೬೩ರಲ್ಲಿ ಜೇಮ್ಸ್ ಗ್ರೆಗೊರಿ ಬರೆದನು; ೧೬೬೮ರಲ್ಲಿ ಐಸಾಕ್ ನ್ಯೂಟನ್ ಅದನ್ನು ಮಾಡಿ ತೋರಿಸಿದನು. ನ್ಯೂಟನ್ನನದು ಗಾಜಿನ ಕನ್ನಡಿಯಲ್ಲ; ತಾಮ್ರಕ್ಕೆ ತವರ ಬೆರೆಸಿ ಎರಕಹೊಯ್ದ ಬಿಳಿಯ ಕಂಚು. ತವರವು ಹೆಚ್ಚಾಗಿರುವ ಇಂಥ ಕಂಚಿನಿಂದಲೇ ಕೇರಳದ ಆರನ್ಮುಳದಲ್ಲಿ ಇಂದಿಗೂ ಲೋಹದ ಕನ್ನಡಿಯನ್ನು ಮಾಡುತ್ತಾರೆ. ಈ ಲೋಹವು ಪೆಡಸು, ಬೇಗ ಮಂಕಾಗುವುದು, ಮಂಕಾದಾಗಲೆಲ್ಲ ಮತ್ತೆ ಉಜ್ಜಬೇಕಾಗಿ, ಉಜ್ಜಿದಾಗಲೆಲ್ಲ ಆಕಾರ ಕೆಡುವ ಭಯ. ಇಂಥ ಕನ್ನಡಿಯಿಂದಲೇ, ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತ ಹೇಳಿಕೊಂಡಿದ್ದ ವಿಲಿಯಂ ಹರ್ಷೆಲನು ತಾನೇ ಮನೆಯಲ್ಲಿ ಅರೆದು ಮಾಡಿದ ಆರಂಗುಲಕ್ಕೆ ಸ್ವಲ್ಪ ಮೇಲ್ಪಟ್ಟ ದೂರದರ್ಶಕದಲ್ಲಿ, ೧೭೮೧ರ ಮಾರ್ಚ್ ೧೩ರಂದು ಯುರೇನಸ್ ಗ್ರಹವನ್ನು ಕಂಡನು.

ಹರ್ಷೆಲನ ಕಾಲದಲ್ಲಿ ಒಂದು ದೊಡ್ಡ ತೊಡಕಿತ್ತು. ಕನ್ನಡಿ ಕೆಟ್ಟಿದೆಯೆಂದು ನಕ್ಷತ್ರವನ್ನು ನೋಡಿ ತಿಳಿಯಬಹುದಾಗಿತ್ತು. ಎಲ್ಲಿ ಕೆಟ್ಟಿದೆಯೆಂದು ತಿಳಿಯುವುದು ಮಾತ್ರ ಕಷ್ಟವಾಗಿತ್ತು. ಫ್ರಾನ್ಸಿನ ಲಿಯೋಂ ಫೂಕೋ ೧೮೫೮-೫೯ರಲ್ಲಿ ಪ್ರಕಟಿಸಿದ ಅಲಗಿನ ಪರೀಕ್ಷೆಯು ಈ ತೊಡಕನ್ನು ನಿವಾರಿಸಿತು. ಗಾಜಿನ ಮೇಲೆ ತೆಳುವಾಗಿ ಬೆಳ್ಳಿಯ ಲೇಪ ಕೊಡುವ ಕ್ರಮವನ್ನೂ ಆತನು ದೂರದರ್ಶಕಕ್ಕೆ ತಂದನು. ಲೇಪ ಮಂಕಾದರೆ ಅದನ್ನು ಮಾತ್ರ ಕಳೆದು ಹೊಸದಾಗಿ ಹಾಕಬಹುದು, ಗಾಜಿನ ಆಕಾರ ಕೆಡದು. ೧೯೩೦ರ ಬಳಿಕ ಬೆಳ್ಳಿಯ ಸ್ಥಾನಕ್ಕೆ ಅಲ್ಯುಮಿನಿಯಂ ಬಂದಿತು.

ಮನೆಯ ದೂರದರ್ಶಕದ ಚರಿತ್ರೆಯಲ್ಲಿ ಮತ್ತೊಂದು ಹೆಸರನ್ನು ಬಿಡಲಾಗದು. ಕ್ಯಾಲಿಫೋರ್ನಿಯದ ರಾಮಕೃಷ್ಣ ಸಂಪ್ರದಾಯದ ವೇದಾಂತ ಮಠಗಳಲ್ಲಿ ೧೯೪೪ರಿಂದ ೧೯೬೭ರವರೆಗೆ ಇದ್ದ ಜಾನ್ ಡಾಬ್ಸನ್ ಎಂಬಾತನು ಹಡಗಿನ ಕಿಟಕಿಗಳ ಹಳೆಯ ದಪ್ಪ ಗಾಜನ್ನು ಅರೆದು ಕನ್ನಡಿ ಮಾಡಿ, ಹಲಗೆಯ ಸರಳವಾದ ಪೆಟ್ಟಿಗೆಯ ಮೇಲೆ ಕೂರಿಸಿ, ಬೀದಿಯಲ್ಲಿ ಹೋಗುವವರಿಗೆಲ್ಲ ಚಂದ್ರನನ್ನು ತೋರಿಸಿದನು. ಆ ಪೆಟ್ಟಿಗೆಯ ಪೀಠವು ಇಂದು ಲೋಕದಲ್ಲೆಲ್ಲ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

೩

ಹೊಸದಾಗಿ ತೊಡಗುವವರಿಗೆ ಆರಂಗುಲದ, ಎಂದರೆ ಸುಮಾರು ೧೫೦ ಮಿಲಿಮೀಟರು ವ್ಯಾಸದ ಗಾಜಿನ ಬಿಲ್ಲೆಯೇ ತಕ್ಕ ಗಾತ್ರ. ಕಣ್ಣಿನ ಪಾಪೆ ಕತ್ತಲೆಯಲ್ಲಿ ೭ ಮಿಲಿಮೀಟರು ಅರಳುವುದೆಂದು ಇಟ್ಟುಕೊಂಡರೆ ಈ ಬಿಲ್ಲೆಯು ಅದಕ್ಕಿಂತ ಸುಮಾರು ೪೫೦ ಪಾಲು ಹೆಚ್ಚು ಬೆಳಕನ್ನು ಕೂಡಿಸುವುದು. ನಾಭಿದೂರವು ವ್ಯಾಸದ ಎಂಟರಷ್ಟು, ಎಂದರೆ ೧೨೦೦ ಮಿಲಿಮೀಟರು ಇರಲಿ. ಹಾಗಾದರೆ ಕನ್ನಡಿಯ ವಕ್ರತಾತ್ರಿಜ್ಯವು ೨೪೦೦ ಮಿಲಿಮೀಟರು. ನಡುವೆ ಬೀಳಬೇಕಾದ ತಗ್ಗು ಕೇವಲ ೧.೧೭ ಮಿಲಿಮೀಟರು.

ಇದನ್ನು ಅರೆಯುವ ಕ್ರಮವು ವಿಸ್ಮಯಕರವಾಗಿ ಸರಳ. ಸಮನಾದ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಇಡುವುದು. ಕೆಳಗಿನದು ಅರೆಗಲ್ಲಿನ ಸ್ಥಾನದಲ್ಲಿ, ಮೇಲಿನದು ಕನ್ನಡಿ. ನಡುವೆ ನೀರು, ಕಾರ್ಬೊರಂಡಂ ಪುಡಿ. ಮೇಲಿನ ಬಿಲ್ಲೆಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತ, ಕೈಯಲ್ಲಿ ಅದನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ, ಅರೆಯುವವನು ತಾನೂ ಪೀಠದ ಸುತ್ತ ಪ್ರದಕ್ಷಿಣೆ ಬರುತ್ತಿರಬೇಕು. ಮೇಲಿನ ಬಿಲ್ಲೆಯ ನಡುಭಾಗವೂ ಕೆಳಗಿನದರ ಅಂಚೂ ಹೆಚ್ಚು ಒತ್ತಡಕ್ಕೆ ಒಳಗಾಗುವುದರಿಂದ ಮೇಲಿನದು ಕುಳಿಯಾಗುವುದು, ಕೆಳಗಿನದು ಉಬ್ಬುವುದು.

ಈ ಕುಳಿಯು ಗೋಳದ ಆಕಾರವನ್ನೇ ತಾಳಬೇಕೆಂದು ಯಾರು ವಿಧಿಸಿದರು? ಜ್ಯಾಮಿತಿಯೇ ವಿಧಿಸಿದೆ. ಎರಡು ಮೈಗಳು ಯಾವ ದಿಕ್ಕಿಗೆ ಜಾರಿಸಿದರೂ, ಹೇಗೆ ತಿರುಗಿಸಿದರೂ ಎಲ್ಲ ಕಡೆಯೂ ಒಂದನ್ನೊಂದು ಮುಟ್ಟಿಯೇ ಇರಬೇಕಾದರೆ ಅವು ಗೋಳದ ತುಣುಕುಗಳಾಗಿರಬೇಕು, ಇಲ್ಲವೆ ಚಪ್ಪಟೆಯಾಗಿರಬೇಕು, ಮೂರನೆಯ ಆಕಾರವಿಲ್ಲ. ಎಲ್ಲಿಯಾದರೂ ಉಬ್ಬು ಉಳಿದರೆ ಒತ್ತಡವೆಲ್ಲ ಅದರ ಮೇಲೆಯೇ ಬಿದ್ದು ಅದು ಸವೆಯುವುದು. ಕೈಯ ತಪ್ಪು ಒಂದು ದಿಕ್ಕಿನದಾಗಿ ನಿಲ್ಲದಂತೆ ಪ್ರದಕ್ಷಿಣೆಯು ಅದನ್ನು ಸುತ್ತಲೂ ಹಂಚಿಬಿಡುವುದು. ಹೀಗೆ ನಿಪುಣವಲ್ಲದ ಕೈಯಿಂದಲೂ ನಿಖರವಾದ ಗೋಳ ಮೂಡುವುದು.

ಪುಡಿಯು ಮೊದಲು ೮೦ರ ಅಂಕದ ಒರಟು. ಕುಳಿಯ ಆಳ ಬಂದ ಬಳಿಕ ೧೨೦, ೨೨೦, ೪೦೦ ಎಂಬಂತೆ ನಯವಾದ ಪುಡಿಗಳು. ಒಂದೊಂದು ಪುಡಿಯೂ ಹಿಂದಿನದು ಮಾಡಿದ ಕುಣಿಗಳನ್ನು ಅಳಿಸುವವರೆಗೆ ಅರೆಯಬೇಕು. ಒಂದರಿಂದ ಮತ್ತೊಂದಕ್ಕೆ ಹೋಗುವಾಗ ಕೈ, ಪೀಠ, ಬಟ್ಟೆ ಎಲ್ಲವನ್ನೂ ತೊಳೆಯತಕ್ಕದ್ದು; ಒರಟು ಪುಡಿಯ ಒಂದು ಹರಳು ಉಳಿದರೂ ನಯವಾದ ಮೈಮೇಲೆ ಗೀರು ಬೀಳುವುದು. ಬೊಮ್ಮನಹಳ್ಳಿಗೆ ದಕ್ಷಿಣದಲ್ಲಿರುವ ಜಿಗಣಿಯ ಗ್ರಾನೈಟ್ ಕಾರ್ಖಾನೆಗಳಲ್ಲಿ ಕಲ್ಲಿಗೆ ಹೊಳಪು ಕೊಡುವುದೂ ಒರಟಿನಿಂದ ನಯಕ್ಕೆ ಏರುವ ಇದೇ ಕ್ರಮದಿಂದ. ಆದರೆ ಕಲ್ಲಿಗೆ ಹೊಳಪು ಬಂದರೆ ಕೆಲಸ ಮುಗಿಯಿತು. ಕನ್ನಡಿಗೆ ಹೊಳಪು ಬಂದಾಗ ನಿಜವಾದ ಕೆಲಸವು ಆರಂಭವಾಗುವುದು.

೪

ಹೊಳಪು ಕೊಡಲು ಅರೆಗಲ್ಲಿನ ಬಿಲ್ಲೆಯ ಮೇಲೆ ಕರಗಿಸಿದ ರಾಳವನ್ನು ಹುಯ್ದು, ಅದು ಮೆತ್ತಗಿರುವಾಗಲೇ ಕನ್ನಡಿಯನ್ನು ಒತ್ತಿ, ಕಾಲುವೆಗಳನ್ನು ಕೊರೆದು ಚೌಕಗಳನ್ನಾಗಿ ಮಾಡುತ್ತಾರೆ. ಹಿಂದೆ ಕಬ್ಬಿಣದ ಕೆಂಪು ಭಸ್ಮವನ್ನು ಬಳಸುತ್ತಿದ್ದರು. ಈಗ ಸೀರಿಯಂ ಆಕ್ಸೈಡ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚುವುದು ವಾಡಿಕೆ. ರಾಳಕ್ಕೆ ಒಂದು ಅಪೂರ್ವ ಗುಣವಿದೆ: ಸುತ್ತಿಗೆಯಿಂದ ಬಡಿದರೆ ಗಾಜಿನಂತೆ ಒಡೆಯುವುದು, ಮೆಲ್ಲನೆ ಒತ್ತಿದರೆ ಜೇನಿನಂತೆ ಹರಿಯುವುದು. ಆದುದರಿಂದ ಅದು ಕನ್ನಡಿಯ ಮೈಗೆ ತಾನಾಗಿಯೇ ಹೊಂದಿಕೊಳ್ಳುತ್ತ ಅದನ್ನು ಉಜ್ಜುವುದು. ಬೇಸಗೆಯಲ್ಲಿ ರಾಳ ಮೆತ್ತಗಾಗುವುದು, ಮಾಗಿಯಲ್ಲಿ ಗಡುಸಾಗುವುದು. ಉಗುರಿನಿಂದ ಒತ್ತಿ ನೋಡಿ ಹದ ತಿಳಿಯಬೇಕು.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಗಮನಿಸತಕ್ಕ ಒಂದು ಮಾತುಂಟು. ‘ಒಪ್ಪ’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಹೊಳಪು ಎಂಬ ಅರ್ಥವೂ ಅಂದ ಎಂಬ ಅರ್ಥವೂ ಇವೆ. ‘ಒಪ್ಪು’ ಎಂಬ ಧಾತುವಿಗೆ ಹೊಂದು, ಸಮ್ಮತಿಸು ಎಂಬ ಅರ್ಥಗಳು. ರಾಳದ ಮೈಯು ಗಾಜಿನ ಮೈಗೆ ಒಪ್ಪಿದಾಗಲೇ ಗಾಜಿಗೆ ಒಪ್ಪ ಬರುವುದು. ಅರೆಯುವುದು, ಉಜ್ಜುವುದು, ಹದ, ಒಪ್ಪ, ಮೆರುಗು ಎಂಬೀ ಮಾತುಗಳೆಲ್ಲ ಅಡಿಗೆಮನೆಯಿಂದಲೂ ಅಕ್ಕಸಾಲೆಯಿಂದಲೂ ಕಲ್ಲುಕುಟಿಗನ ಕೊಟ್ಟಿಗೆಯಿಂದಲೂ ಬಂದವು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಶಾಸ್ತ್ರಪದಗಳನ್ನು ಸಂಸ್ಕೃತದಿಂದ ತರಬೇಕೆ, ದೇಶ್ಯದಿಂದ ಎತ್ತಿಕೊಳ್ಳಬೇಕೆ ಎಂಬ ಪ್ರಶ್ನೆ ಕನ್ನಡದಲ್ಲಿ ಬರೆಯುವವರ ಮುಂದೆ ಇದ್ದೇ ಇದೆ. ಈ ಕಸುಬಿನಲ್ಲಂತೂ ನಾಭಿ, ವಕ್ರತೆ, ಪರವಲಯ ಮೊದಲಾದ ಗಣಿತದ ಮಾತುಗಳು ಸಂಸ್ಕೃತದವು. ಕೈಯ ಮಾತುಗಳು ಕನ್ನಡದವು. ಎರಡೂ ಒಂದೇ ವಾಕ್ಯದಲ್ಲಿ ಇಕ್ಕಟ್ಟಿಲ್ಲದೆ ನಿಲ್ಲುವುವು.

೫

ಹೊಳಪು ಬಂದ ಗೋಳವನ್ನು ಪರೀಕ್ಷಿಸುವ ಫೂಕೋವಿನ ವಿಧಾನಕ್ಕೆ ಬೇಕಾದದ್ದು ಸೂಜಿಯ ಮೊನೆಯಷ್ಟು ರಂಧ್ರದಿಂದ ಬೆಳಕು ಬಿಡುವ ಒಂದು ದೀಪ, ಒಂದು ಕ್ಷೌರದ ಬ್ಲೇಡು, ಇವನ್ನು ಮೆಲ್ಲಗೆ ಸರಿಸಲು ಅಳತೆಪಟ್ಟಿಯಿರುವ ಒಂದು ಪೀಠ. ಕನ್ನಡಿಯಿಂದ ೨೪೦೦ ಮಿಲಿಮೀಟರು ದೂರದಲ್ಲಿ, ಅದರ ವಕ್ರತಾಕೇಂದ್ರದಲ್ಲಿ, ದೀಪವನ್ನಿಡಬೇಕು. ಅಲ್ಲಿಂದ ಹೊರಟ ಕಿರಣಗಳು ಗೋಳದ ಮೈಗೆ ನೇರವಾಗಿ ಬಡಿದು ಹೊರಟ ಸ್ಥಾನಕ್ಕೆ ಹಿಂದಿರುಗುವುವು. ದೀಪದ ಮಗ್ಗುಲಲ್ಲಿ ಕಣ್ಣಿಟ್ಟರೆ ಕನ್ನಡಿ ಇಡಿಯಾಗಿ ಹುಣ್ಣಿಮೆಯ ಚಂದ್ರನಂತೆ ಬೆಳಗುವುದು.

ಈಗ ಬ್ಲೇಡಿನ ಅಲಗನ್ನು ಪಕ್ಕದಿಂದ ಮೆಲ್ಲಗೆ ಆ ಕಿರಣಗಳಿಗೆ ಅಡ್ಡವಾಗಿ ತರಬೇಕು. ಅಲಗು ಕಿರಣಗಳು ಕೂಡುವ ಸ್ಥಾನಕ್ಕಿಂತ ಕನ್ನಡಿಯ ಕಡೆಗಿದ್ದರೆ ಕನ್ನಡಿಯ ಮೇಲಿನ ನೆರಳು ಅಲಗು ಬಂದ ದಿಕ್ಕಿನಲ್ಲಿಯೇ ಸರಿಯುವುದು; ಆಚೆಗಿದ್ದರೆ ಎದುರು ದಿಕ್ಕಿನಿಂದ ಬರುವುದು. ಸರಿಯಾದ ಸ್ಥಾನದಲ್ಲಿದ್ದರೆ, ನಿರ್ದುಷ್ಟವಾದ ಗೋಳವು ಎಡಬಲವೆನ್ನದೆ ಒಮ್ಮೆಗೇ ಸಮನಾಗಿ ಮಂಕಾಗುವುದು. ಎಲ್ಲಿಯಾದರೂ ದಿಬ್ಬವೋ ತಗ್ಗೋ ಇದ್ದರೆ ಅಲ್ಲಿಂದ ಬಂದ ಕಿರಣ ಮಾತ್ರ ಬೇರೆ ಕಡೆಗೆ ತಿರುಗಿ, ಆ ಭಾಗವು ಬೆಳಕೋ ನೆರಳೋ ಆಗಿ ಎದ್ದು ತೋರುವುದು. ಒಂದು ಬದಿಯಿಂದ ಬೀಳುವ ಸಂಜೆಬಿಸಿಲಿನಲ್ಲಿ ಹೊಲದ ಬದುಗಳು ಕಾಣುವಂತೆ ಕನ್ನಡಿಯ ಮೈಯ ಏರುತಗ್ಗುಗಳೆಲ್ಲ ಕಣ್ಣಿಗೆ ಬೀಳುವುವು. ಬೆಳಕಿನ ಒಂದು ಅಲೆಯ ಇಪ್ಪತ್ತನೆಯ ಒಂದು ಪಾಲಿನಷ್ಟು ದೋಷವೂ ಇಲ್ಲಿ ಅಡಗಿರಲಾರದು.

ಈ ಪರೀಕ್ಷೆಯ ಸೂಕ್ಷ್ಮತೆಗೆ ಒಂದು ನಿದರ್ಶನ ಸಾಕು. ಕನ್ನಡಿಯ ಮೇಲೆ ಹೆಬ್ಬೆರಳನ್ನು ಕೆಲವು ಕ್ಷಣ ಇಟ್ಟು ತೆಗೆದರೆ, ಮೈಯ ಕಾವಿಗೆ ಗಾಜು ಉಬ್ಬಿದ ದಿಬ್ಬವೊಂದು ಕಾಣಿಸಿಕೊಂಡು, ತಣಿದಂತೆಲ್ಲ ನಿಧಾನವಾಗಿ ಅಡಗುವುದು. ಆದುದರಿಂದ ಉಜ್ಜಿದ ಕೂಡಲೆ ಪರೀಕ್ಷಿಸಬಾರದು. ಒಂದು ಗಂಟೆಯಾದರೂ ಕನ್ನಡಿಗೆ ಬಿಡುವು ಕೊಡಬೇಕು. ಕೊಠಡಿಯಲ್ಲಿ ಫ್ಯಾನು ತಿರುಗಬಾರದು. ಹೊಸೂರು ರಸ್ತೆಯ ಲಾರಿಗಳ ಅದುರು ತಾಗುವ ಮನೆಗಳಲ್ಲಿ ನಡುರಾತ್ರಿಯೇ ಪ್ರಶಸ್ತವಾದ ಕಾಲ. ಕೈಯ ಕೆಲಸವು ಬೆಳಕಿನ ಅಲೆಯ ಅಳತೆಗೆ ಮುಟ್ಟುವುದು ಕೈಯ ಚಾತುರ್ಯದಿಂದಲ್ಲ. ತಪ್ಪನ್ನು ಕಾಣಬಲ್ಲ ಪರೀಕ್ಷೆಯಿಂದ. ಕಂಡ ತಪ್ಪನ್ನು ತಾಳ್ಮೆಯು ತಿದ್ದುವುದು. ಕಾಣದ ತಪ್ಪನ್ನು ಯಾವ ಯಂತ್ರವೂ ತಿದ್ದಲಾರದು.

೬

ಗೋಳವು ಮೊದಲ ಮೆಟ್ಟಿಲು. ದೂರದ ನಕ್ಷತ್ರದಿಂದ ಸಮಾಂತರವಾಗಿ ಬರುವ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಬಲ್ಲದ್ದು ಪರವಲಯದ ಆಕಾರ. ಮೇಲೆ ಹೇಳಿದ ಕನ್ನಡಿಯಲ್ಲಿ ಗೋಳಕ್ಕೂ ಪರವಲಯಕ್ಕೂ ಇರುವ ಅಂತರವೆಷ್ಟು? ನಡುವಿನಲ್ಲಿ ಎರಡನ್ನೂ ಹೊಂದಿಸಿಟ್ಟರೆ ಅಂಚಿನಲ್ಲಿ ೦.೦೦೦೨೯ ಮಿಲಿಮೀಟರು, ಎಂದರೆ ಅರೆದು ತೆಗೆದ ಆಳದ ನಾಲ್ಕು ಸಾವಿರದಲ್ಲಿ ಒಂದು ಪಾಲು.

ಬಿಂಬವು ನಿರ್ದುಷ್ಟವೆನಿಸಲು ಕೂಡಿದ ಅಲೆಗಳು ಒಂದು ಅಲೆಯುದ್ದದ ಕಾಲು ಭಾಗಕ್ಕಿಂತ ಹೆಚ್ಚಾಗಿ ಹಿಂದುಮುಂದಾಗಬಾರದೆಂಬುದು ಲಾರ್ಡ್ ರ‍್ಯಾಲೆ ಹೇಳಿದ ನಿಯಮ. ಪ್ರತಿಫಲನದಲ್ಲಿ ಮೈಯ ತಪ್ಪು ಇಮ್ಮಡಿಸುವುದರಿಂದ ಕನ್ನಡಿಗೆ ದೊರೆಯುವ ರಿಯಾಯಿತಿ ಎಂಟನೆಯ ಒಂದು ಭಾಗ ಮಾತ್ರ. ಹಸುರು ಬೆಳಕಿಗೆ ಇದು ಸುಮಾರು ೦.೦೦೦೦೭ ಮಿಲಿಮೀಟರು, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲು. ಪರವಲಯಕ್ಕೆ ಅತ್ಯಂತ ಹತ್ತಿರವಾದ ಗೋಳವನ್ನು ಆರಿಸಿದರೆ ಅಂತರವು ನಾಲ್ಕನೆಯ ಒಂದು ಪಾಲಿಗೆ ಇಳಿದು ಸರಿಸುಮಾರು ಇದೇ ಎಲ್ಲೆಗೆ ಬಂದು ನಿಲ್ಲುವುದು. ವ್ಯಾಸದ ಎಂಟರಷ್ಟು ನಾಭಿದೂರವನ್ನು ಆರಿಸಲು ಕಾರಣವಿದೇ: ತಿದ್ದುಪಡಿ ಅರ್ಧ ಕೈಗೂಡಿದರೂ ಕನ್ನಡಿ ಉಪಯೋಗಕ್ಕೆ ಬರುವುದು. ನಾಭಿದೂರವು ಹತ್ತರಷ್ಟಿದ್ದರೆ ಗೋಳವೇ ಸಾಕು. ಐದರಷ್ಟಕ್ಕೆ ಇಳಿಸಿದರೆ ಅಂತರವು ನಾಲ್ಕು ಪಾಲು ಹೆಚ್ಚುವುದು. ಅದು ಅನುಭವಸ್ಥರ ಕೆಲಸ.

ತಿದ್ದುವುದಕ್ಕೆ ಕೈಯ ಓಟವನ್ನು ಸ್ವಲ್ಪ ಉದ್ದವಾಗಿಸಿ, ಅಗಲಕ್ಕೂ ಜಾರಿಸುತ್ತ ರಾಳದ ಮೇಲೆ ಕೆಲವೇ ನಿಮಿಷ ಉಜ್ಜಬೇಕು; ನಡುಭಾಗವು ತುಸು ಆಳವಾಗುವುದು. ಮತ್ತೆ ಬಿಡುವು, ಮತ್ತೆ ಪರೀಕ್ಷೆ. ಪರವಲಯದಲ್ಲಿ ಅಂಚಿನ ಭಾಗದ ಕಿರಣಗಳು ನಡುಭಾಗದವಕ್ಕಿಂತ ದೂರದಲ್ಲಿ ಕೂಡುವುವು. ದೀಪವನ್ನು ಕದಲಿಸದೆ ಅಲಗನ್ನು ಮಾತ್ರ ಸರಿಸಿದರೆ ಈ ಕನ್ನಡಿಯಲ್ಲಿ ನಡುವಿಗೂ ಕಟ್ಟಕಡೆಯ ಅಂಚಿಗೂ ೨.೩೪ ಮಿಲಿಮೀಟರು ಅಂತರ ಬರಬೇಕು. ದೀಪವೂ ಅಲಗೂ ಜೊತೆಯಾಗಿ ಸರಿಯುವ ಪೀಠದಲ್ಲಿ ಅದರ ಅರ್ಧ, ೧.೧೭ ಮಿಲಿಮೀಟರು. ರಟ್ಟಿನಲ್ಲಿ ಕಿಂಡಿಗಳನ್ನು ಕತ್ತರಿಸಿ ಕನ್ನಡಿಯ ಮುಂದಿಟ್ಟು ಒಂದೊಂದು ವಲಯವನ್ನೂ ಬೇರೆಬೇರೆಯಾಗಿ ಅಳೆಯಬಹುದು. ಗಾಜಿನ ಮೇಲೆ ಕಣ್ಣಿಗೂ ಕೈಗೂ ನಿಲುಕದ ಅಂತರವು ಅಳತೆಪಟ್ಟಿಯ ಮೇಲೆ ಮಿಲಿಮೀಟರುಗಳಾಗಿ ಹಿಗ್ಗುವುದು. ತೃಪ್ತಿಕರವಾದ ಮೇಲೆ ಕನ್ನಡಿಗೆ ನಿರ್ವಾತದಲ್ಲಿ ಅಲ್ಯುಮಿನಿಯಂ ಲೇಪ ಹಾಕಿಸುವುದು. ಈ ಒಂದು ಕಾರ್ಯ ಮಾತ್ರ ಮನೆಯಲ್ಲಿ ಸಾಗದು.

೭

ಕನ್ನಡಿ ಸಿದ್ಧವಾದರೆ ಉಳಿದದ್ದು ಬಡಗಿಯ ಕೆಲಸ. ಗಟ್ಟಿ ರಟ್ಟಿನ ಇಲ್ಲವೆ ಪಿ.ವಿ.ಸಿ.ಯ ನಳಿಗೆಯ ಕೆಳತುದಿಯಲ್ಲಿ ನಿಮ್ನದರ್ಪಣ. ಮೇಲ್ತುದಿಯಲ್ಲಿ ೪೫ ಅಂಶ ಓರೆಯಾಗಿ ನಿಲ್ಲುವ ಚಿಕ್ಕ ಚಪ್ಪಟೆ ಕನ್ನಡಿ, ಇದನ್ನು ಓರೆಗನ್ನಡಿಯೆನ್ನಬಹುದು. ನಳಿಗೆಯ ಪಕ್ಕದಲ್ಲಿ ನೇತ್ರಕ. ೨೫ ಮಿಲಿಮೀಟರಿನ ನೇತ್ರಕದಲ್ಲಿ ಬಿಂಬವು ೪೮ ಪಾಲು, ೧೦ ಮಿಲಿಮೀಟರಿನದರಲ್ಲಿ ೧೨೦ ಪಾಲು ಹಿರಿದಾಗುವುದು. ಧ್ರುವಾಕ್ಷಕ್ಕೆ ಹೊಂದಿಸುವ ಪೀಠವು ಈ ಊರಿಗೆ ಅಷ್ಟಾಗಿ ಒಗ್ಗದು. ಧ್ರುವನಕ್ಷತ್ರವು ಇಲ್ಲಿ ದಿಗಂತದಿಂದ ೧೩ ಅಂಶ ಮಾತ್ರ ಮೇಲಿದ್ದು ಬಹುಮಹಡಿಯ ಮನೆಗಳ ಮರೆಗೆ ಬೀಳುವುದು. ಡಾಬ್ಸನ್ನನ ಪೆಟ್ಟಿಗೆಯೇ ಅನುಕೂಲ: ಪ್ಲೈವುಡ್ಡು, ಸನ್‌ಮೈಕಾ, ಅದರ ಮೇಲೆ ಜಾರುವ ಟೆಫ್ಲಾನಿನ ತುಂಡುಗಳು. ನೆತ್ತಿಯ ಮೇಲಿನ ವಸ್ತುವನ್ನು ಹಿಂಬಾಲಿಸುವಾಗ ಈ ಪೀಠವು ಸ್ವಲ್ಪ ತೊಡಕು ಕೊಡುವುದೆಂಬುದನ್ನು ಒಪ್ಪಬೇಕು.

ಎಷ್ಟೇ ಉತ್ತಮವಾದ ಕನ್ನಡಿಯೂ ಅಕ್ಷ ತಪ್ಪಿ ನಿಂತರೆ ವ್ಯರ್ಥ. ಅಕ್ಷಸಂಧಾನದ ಕ್ರಮ ಹೀಗೆ: ನಿಮ್ನದರ್ಪಣದ ನಟ್ಟನಡುವೆ ಕಾಗದದ ಚಿಕ್ಕ ಬಳೆಯೊಂದನ್ನು ಅಂಟಿಸಬೇಕು, ಆ ಜಾಗವು ಓರೆಗನ್ನಡಿಯ ನೆರಳಿನಲ್ಲಿರುವುದರಿಂದ ನಷ್ಟವೇನೂ ಇಲ್ಲ. ನೇತ್ರಕದ ಸ್ಥಾನದಲ್ಲಿ ಸಣ್ಣ ರಂಧ್ರವುಳ್ಳ ಮುಚ್ಚಳವಿಟ್ಟು ನೋಡುತ್ತ, ಮೊದಲು ಓರೆಗನ್ನಡಿಯು ದುಂಡಾಗಿ ನಡುವೆ ಕಾಣುವಂತೆ ಸರಿಸಬೇಕು; ಆಮೇಲೆ ಅದರೊಳಗೆ ನಿಮ್ನದರ್ಪಣವು ಇಡಿಯಾಗಿ ಕಾಣುವಂತೆ ಅದನ್ನು ವಾಲಿಸಬೇಕು; ಕಡೆಯಲ್ಲಿ ನಿಮ್ನದರ್ಪಣದ ಹಿಂದಿನ ಮೂರು ತಿರುಪುಗಳನ್ನು ತಿರುಗಿಸಿ, ಮುಚ್ಚಳದ ರಂಧ್ರದ ಪ್ರತಿಬಿಂಬವು ಬಳೆಯೊಳಗೆ ಬೀಳುವಂತೆ ಮಾಡಬೇಕು.

ಕೊನೆಯ ತೀರ್ಪು ನಕ್ಷತ್ರದ್ದು. ಎತ್ತರದಲ್ಲಿರುವ ನಕ್ಷತ್ರವೊಂದನ್ನು ಹೆಚ್ಚಿನ ಶಕ್ತಿಯ ನೇತ್ರಕದಿಂದ ನೋಡುತ್ತ ನಾಭಿಯಿಂದ ಸ್ವಲ್ಪ ಒಳಕ್ಕೂ ಸ್ವಲ್ಪ ಹೊರಕ್ಕೂ ಸರಿಸಿದರೆ, ಬೆಳಕಿನ ಉಂಗುರಗಳ ಒಂದು ತಟ್ಟೆ ಕಾಣುವುದು. ಎರಡು ಕಡೆಯೂ ಉಂಗುರಗಳು ಒಂದೇ ತೆರನಾಗಿದ್ದರೆ ಆಕಾರ ಸರಿಯಾಗಿದೆ. ನಡುವಿನ ಕಪ್ಪು ಬೊಟ್ಟು ಒಂದು ಬದಿಗೆ ವಾಲಿದ್ದರೆ ಅಕ್ಷ ತಪ್ಪಿದೆ. ತಟ್ಟೆಯು ಮುಮ್ಮೂಲೆಯಾಗಿದ್ದರೆ ಕನ್ನಡಿಯನ್ನು ಹಿಡಿದ ಮೂರು ಹಿಡಿಕೆಗಳು ಅದನ್ನು ಅಮುಕುತ್ತಿವೆ, ಸಡಿಲಿಸಬೇಕು. ಉಂಗುರಗಳು ಕುದಿಯುವ ನೀರಿನಂತೆ ಅಲೆದಾಡಿದರೆ ಗಾಜು ಇನ್ನೂ ತಣಿದಿಲ್ಲ, ಅಥವಾ ಹಗಲೆಲ್ಲ ಬಿಸಿಲು ಕುಡಿದ ಮಾಳಿಗೆಯ ಕಾಂಕ್ರೀಟು ಕಾವನ್ನು ಬಿಡುತ್ತಿದೆ. ಮಧ್ಯರಾತ್ರಿಯವರೆಗೆ ಕಾಯುವುದು ಲೇಸು. ಒಂದು ಎಚ್ಚರಿಕೆಯನ್ನು ಎಂದಿಗೂ ಮರೆಯಬಾರದು: ಈ ಯಂತ್ರವನ್ನು ಸೂರ್ಯನ ಕಡೆಗೆ ತಿರುಗಿಸಿ ಕಣ್ಣಿಟ್ಟರೆ ಕ್ಷಣಮಾತ್ರದಲ್ಲಿ ದೃಷ್ಟಿ ನಾಶವಾಗುವುದು.

೮

ಇಷ್ಟರಿಂದ ದೊರೆಯುವ ಫಲವೇನು? ಆರಂಗುಲದ ನಿರ್ದುಷ್ಟವಾದ ಕನ್ನಡಿಯು ಒಂದು ವಿಕಲೆಗಿಂತ ಕಡಿಮೆ ಅಂತರದ ಎರಡು ಬಿಂದುಗಳನ್ನು ಬೇರ್ಪಡಿಸಬಲ್ಲದು. ವಿಕಲೆಯೆಂದರೆ ಅಂಶದ ೩೬೦೦ರಲ್ಲೊಂದು ಪಾಲು. ಚಂದ್ರನ ಮೇಲೆ ಸುಮಾರು ಎರಡು ಕಿಲೋಮೀಟರು ಅಗಲದ ಕುಳಿಗಳು ಕಾಣುವುವು. ಗುರುವ್ಯಾಸದ ಪಟ್ಟೆಗಳು, ಗುರುವಿನ ಮೇಲೆ ಸರಿಯುವ ಉಪಗ್ರಹದ ನೆರಳು, ಉಂಗುರಗಳು ಅಗಲವಾಗಿ ತೆರೆದಿರುವ ವರ್ಷಗಳಲ್ಲಿ ಶನಿಯ ಉಂಗುರಗಳ ನಡುವೆ ೧೬೭೫ರಲ್ಲಿ ಕಸ್ಸೀನಿ ಕಂಡ ಕಪ್ಪು ಬಿರುಕು, ಇವೆಲ್ಲ ದೀಪಗಳ ಊರಿನಿಂದಲೇ ಗೋಚರ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿಯ ಪಕ್ಕದ ವಸಿಷ್ಠ ನಕ್ಷತ್ರವು ತಾನೇ ಎರಡಾಗಿ, ೧೪ ವಿಕಲೆಗಳ ಅಂತರದಲ್ಲಿ ಬಿಡಿಬಿಡಿಯಾಗಿ ನಿಲ್ಲುವುದನ್ನು ಬೊಮ್ಮನಹಳ್ಳಿಯ ಯಾವ ಮಾಳಿಗೆಯಿಂದಲಾದರೂ ನೋಡಬಹುದು. ಕನ್ನಡಿಯ ಆಕಾರ ಕೆಟ್ಟಿದ್ದರೆ ಇವುಗಳಲ್ಲಿ ಬಹುಪಾಲು ಬರಿಯ ಮಬ್ಬು.

ದೊಡ್ಡ ವೀಕ್ಷಣಾಲಯಗಳ ಕೆಲಸವೂ ತತ್ತ್ವದಲ್ಲಿ ಬೇರೆಯಲ್ಲ. ಬೊಮ್ಮನಹಳ್ಳಿಯ ನೆರೆಯ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. ಬೆಂಗಳೂರಿನಿಂದ ಸುಮಾರು ೧೭೫ ಕಿಲೋಮೀಟರು ಆಗ್ನೇಯಕ್ಕೆ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಅದರ ವೀಕ್ಷಣಾಲಯ. ೧೯೬೮ರಲ್ಲಿ ಅಲ್ಲಿ ವೀಕ್ಷಣೆ ಆರಂಭವಾದದ್ದು ಕೊಡೈಕನಾಲ್ ವೀಕ್ಷಣಾಲಯದ ಹಿತ್ತಲಿನಲ್ಲಿ ರಚಿಸಿದ ೩೮ ಸೆಂಟಿಮೀಟರಿನ ದೂರದರ್ಶಕದಿಂದ. ಆ ಬೆಟ್ಟವನ್ನು ಆರಿಸಿದ ವೈನು ಬಾಪು ಅಲ್ಲಿಗೇ ತೃಪ್ತರಾಗದೆ, ದೇಶದಲ್ಲಿಯೇ ರಚಿಸತಕ್ಕ ೨.೩೪ ಮೀಟರಿನ ದೂರದರ್ಶಕವನ್ನು ಸಂಕಲ್ಪಿಸಿದರು. ಅದರ ಕನ್ನಡಿಯನ್ನು ಅರೆದು ಒಪ್ಪವಿಟ್ಟದ್ದು ಬೆಂಗಳೂರಿನಲ್ಲಿ, ಸಂಸ್ಥೆಯ ಪ್ರಯೋಗಶಾಲೆಯಲ್ಲಿ. ೧೯೮೨ರಲ್ಲಿ ಕಾಲವಾದ ಬಾಪು ಅದರ ಮೊದಲ ಬಿಂಬವನ್ನು ಕಾಣಲಿಲ್ಲ. ೧೯೮೬ರ ಜನವರಿ ೬ರಂದು ಆ ದೂರದರ್ಶಕಕ್ಕೆ ಅವರ ಹೆಸರನ್ನಿಡಲಾಯಿತು.

ಹಿತ್ತಲಿನ ೩೮ ಸೆಂಟಿಮೀಟರಿಗೂ ಪ್ರಯೋಗಶಾಲೆಯ ೨.೩೪ ಮೀಟರಿಗೂ ನಡುವೆ ಗಾತ್ರ, ಯಂತ್ರ, ವೆಚ್ಚ ಎಲ್ಲವೂ ಬೇರೆ. ಒಂದು ಮಾತ್ರ ಬೇರೆಯಲ್ಲ. ಬೆಳಕಿನ ಅಲೆಯನ್ನೇ ಅಳತೆಗೋಲಾಗಿ ಹಿಡಿದು ತಪ್ಪನ್ನು ಹುಡುಕಬೇಕು, ಕಂಡಷ್ಟನ್ನು ತಿದ್ದಬೇಕು, ಮತ್ತೆ ನೋಡಬೇಕು. ಈ ನಿಯಮದ ಮುಂದೆ ಸಂಸ್ಥೆಗೂ ಮಾಳಿಗೆಗೂ ಭೇದವಿಲ್ಲ. ದೀಪಗಳ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಆಕಾಶಗಂಗೆಯನ್ನು ತೋರಿಸುವ ಶಕ್ತಿ ಮನೆಯ ಕನ್ನಡಿಗಿಲ್ಲ. ಒಂದು ನಕ್ಷತ್ರವು ಎರಡೆಂದು ತೋರಿಸುವ ಶಕ್ತಿ ಅದಕ್ಕಿದೆ. ಅದು ಗಾಜಿನ ಗಾತ್ರದಿಂದ ಬಂದುದಲ್ಲ, ಒಂದು ಅಲಗಿನ ನೆರಳನ್ನು ಓದಲು ಕಲಿತ ಕಣ್ಣಿನಿಂದ ಬಂದುದು.